ಧೂಳು ಹೊದಿಕೆಯಿಂದ ಕೂಳೆ ಹೊದಿಕೆಗೆ: ಬರಗಾಲದ ಗೋಧಿ ಮತ್ತು ಉಳುಮೆಯ ಇತಿಹಾಸ

ಹೊಲವನ್ನು ಏಕೆ ಉಳಬೇಕು? ರೈತರ ಮನೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಮೂರು ಉತ್ತರಗಳು ಸಿಗುತ್ತವೆ. ಬಿತ್ತನೆಗೆ ಮಣ್ಣು ಸಡಿಲವಾಗಬೇಕು, ಕಳೆ ಸಾಯಬೇಕು, ಮಳೆನೀರು ಇಂಗಬೇಕು. ಇವುಗಳಲ್ಲಿ ತಕರಾರಿಗೆ ಎಡೆಯಿಲ್ಲ. ಆದರೆ ನಾಲ್ಕನೆಯ ಉತ್ತರವೊಂದಿದೆ: ಇಂಗಿದ ನೀರು ಆವಿಯಾಗಿ ಹೋಗದಂತೆ ತಡೆಯಲು ಉಳಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಾಲ್ಕನೆಯ ಉತ್ತರವನ್ನು ವಿಜ್ಞಾನದ ಮಾತೆಂದೇ ನಂಬಲಾಗಿತ್ತು. ಅದನ್ನು ನಂಬಿ ಅಮೆರಿಕದ ಒಣ ಬಯಲಿನ ರೈತರು ಲಕ್ಷಾಂತರ ಎಕರೆ ನೆಲವನ್ನು ನುಣ್ಣಗೆ ಪುಡಿ ಮಾಡಿದರು. ಬರ ಬಂದಾಗ ಆ ಪುಡಿ ಗಾಳಿಗೆ ಹಾರಿಹೋಯಿತು.

ನಂಬಿಕೆ ಹುಟ್ಟಿದ್ದು ಹೇಗೆ, ಅದರಲ್ಲಿ ಎಡವಿದ್ದೆಲ್ಲಿ, ಅದನ್ನು ತಿದ್ದಿದ್ದು ಯಾವ ಅಳತೆ ಎಂಬುದು ಕೃಷಿವಿಜ್ಞಾನದ ಇತಿಹಾಸದಲ್ಲಿ ಗಮನಿಸಬೇಕಾದ ಅಧ್ಯಾಯ. ವಿಜ್ಞಾನ ಬೋಧಿಸುವವರಿಗೆ ಅದರಲ್ಲಿ ಇನ್ನೂ ಒಂದು ಪಾಠವಿದೆ. ಪ್ರಯೋಗಾಲಯದಲ್ಲಿ ಸರಿಯಾಗಿಯೇ ನಡೆದ ಪ್ರಯೋಗ ಹೊಲದಲ್ಲಿ ತಪ್ಪು ದಾರಿ ತೋರಿಸಬಲ್ಲದು.

ಉಳುಮೆಯೇ ಗೊಬ್ಬರ

ಉಳುಮೆಗೆ ಸಿದ್ಧಾಂತದ ಬೆಂಬಲ ಕೊಟ್ಟವರಲ್ಲಿ ಇಂಗ್ಲೆಂಡಿನ ಜೆತ್ರೊ ಟಲ್ ಮುಖ್ಯನಾದವನು. ಬೀಜವನ್ನು ಸಾಲಿನಲ್ಲಿ ಬಿತ್ತುವ ಕೂರಿಗೆ ಯಂತ್ರವನ್ನು ರೂಪಿಸಿದವನು ಈತ. 1731ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಸಾಲುಗಳ ನಡುವೆ ಕುದುರೆ ಕಟ್ಟಿ ಎಡೆ ಹೊಡೆಯುವ ಪದ್ಧತಿಯನ್ನು ವಿವರಿಸಿದ. ಅವನ ಪ್ರಕಾರ ಸಸ್ಯಗಳು ಮಣ್ಣಿನ ಅತಿ ಸೂಕ್ಷ್ಮ ಕಣಗಳನ್ನೇ ಆಹಾರವಾಗಿ ಹೀರುತ್ತವೆ. ಆದ್ದರಿಂದ ಮಣ್ಣನ್ನು ಎಷ್ಟು ಪುಡಿ ಮಾಡಿದರೆ ಅಷ್ಟು ಬೆಳೆ, ಉಳುಮೆ ಮಾಡಿದವನಿಗೆ ಗೊಬ್ಬರವೇ ಬೇಡ.

ಸಸ್ಯಪೋಷಣೆಯ ರಸಾಯನವಿಜ್ಞಾನ ಬೆಳೆದಂತೆ ಈ ವಾದ ಬಿದ್ದುಹೋಯಿತು. ಆದರೆ ಟಲ್‌ನ ಪದ್ಧತಿ ಉಳಿಯಿತು. ಎಡೆ ಹೊಡೆದ ಹೊಲದಲ್ಲಿ ಬೆಳೆ ಚೆನ್ನಾಗಿ ಬರುತ್ತಿದ್ದುದು ನಿಜವೇ ಆಗಿತ್ತು, ಏಕೆಂದರೆ ಕಳೆ ಸಾಯುತ್ತಿತ್ತು. ಫಲ ನಿಜ, ಕೊಟ್ಟ ಕಾರಣ ತಪ್ಪು. ಉಳುಮೆಯ ಇತಿಹಾಸದಲ್ಲಿ ಇದು ಮತ್ತೊಮ್ಮೆ ಮರುಕಳಿಸಲಿದೆ.

ನೇಗಿಲಿನ ಹಿಂದೆ ಬಾರದ ಮಳೆ

ಉತ್ತರ ಅಮೆರಿಕದ ಮಧ್ಯಭಾಗದಲ್ಲಿ, ರಾಕಿ ಪರ್ವತಗಳ ಪೂರ್ವಕ್ಕೆ, ಕೆನಡಾದಿಂದ ಟೆಕ್ಸಾಸ್‌ವರೆಗೆ ಹರಡಿರುವ ಹುಲ್ಲುಗಾವಲಿಗೆ ಮಹಾ ಬಯಲು ಎಂದು ಹೆಸರು. ಇದರ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 400ರಿಂದ 500 ಮಿ.ಮೀ. ಮಾತ್ರ, ಅದೂ ಒಂದು ವರ್ಷದಂತೆ ಮತ್ತೊಂದು ವರ್ಷ ಇರುವುದಿಲ್ಲ. 1862ರ ಹೋಮ್‌ಸ್ಟೆಡ್ ಕಾಯಿದೆಯನ್ವಯ ನೆಲೆಸಲು ಬಂದ ಕುಟುಂಬಗಳಿಗೆ 160 ಎಕರೆ ಭೂಮಿ ಸಿಗುತ್ತಿತ್ತು. ನೆಲವನ್ನು ಉತ್ತರೆ ಹವಾಮಾನವೇ ಬದಲಾಗಿ, ನೇಗಿಲಿನ ಹಿಂದೆ ಮಳೆ ಬರುತ್ತದೆ ಎಂದು 1881ರಲ್ಲಿ ಚಾರ್ಲ್ಸ್ ಡಾನಾ ವಿಲ್ಬರ್ ಎಂಬಾತ ಬರೆದ. 1880ರ ದಶಕದ ಮಧ್ಯದವರೆಗೆ ಮಳೆ ಚೆನ್ನಾಗಿದ್ದುದರಿಂದ ಜನ ಅದನ್ನು ನಂಬಿದರು. ಆ ದಶಕದ ಕೊನೆಯಲ್ಲಿ ಮತ್ತು 1890ರ ದಶಕದಲ್ಲಿ ಬಂದ ಬರ ಆ ಮಾತನ್ನು ಸುಳ್ಳಾಗಿಸಿತು. ಸಾವಿರಾರು ಕುಟುಂಬಗಳು ನೆಲ ಬಿಟ್ಟು ಹೋದವು.

ಈ ನಡುವೆ ಕೆನಡಾದಲ್ಲಿ ಒಂದು ಆಕಸ್ಮಿಕ ನಡೆಯಿತು. 1885ರಲ್ಲಿ ಅಲ್ಲಿನ ಪಶ್ಚಿಮ ಪ್ರಾಂತದಲ್ಲಿ ದಂಗೆ ಎದ್ದು, ಇಂಡಿಯನ್ ಹೆಡ್ ಎಂಬ ಊರಿನ ರೈತರ ಕುದುರೆಗಳು ಮತ್ತು ಆಳುಗಳು ಸೈನ್ಯದ ಸಾಗಾಟಕ್ಕೆ ಹೋದವು. ಕೆಲವು ಹೊಲಗಳು ಸಕಾಲಕ್ಕೆ ಬಿತ್ತನೆಯಾಗದೆ ಬೀಳು ಬಿದ್ದವು. ಆಂಗಸ್ ಮೆಕೇ ಎಂಬ ರೈತ ಅಂಥ ನೆಲವನ್ನು ಬೇಸಿಗೆಯಲ್ಲಿ ಉತ್ತು ಕಳೆ ತೆಗೆದಿಟ್ಟ. ಮರುವರ್ಷ, 1886ರಲ್ಲಿ, ತೀವ್ರ ಬರ ಬಂತು. ಸುತ್ತಲಿನ ಹೊಲಗಳಲ್ಲಿ ಗೋಧಿ ಒಣಗಿದರೂ ಬೀಳು ಬಿಟ್ಟಿದ್ದ ಹೊಲದಲ್ಲಿ ಉತ್ತಮ ಬೆಳೆ ಬಂತು. ಒಂದು ವರ್ಷದ ಮಳೆ ಮಣ್ಣಿನಲ್ಲಿ ಉಳಿದು ಮರುವರ್ಷದ ಬೆಳೆಗೆ ಒದಗಿತ್ತು. ಮುಂದೆ ಮೆಕೇ ಅದೇ ಊರಿನ ಸರ್ಕಾರಿ ಪ್ರಯೋಗ ಕ್ಷೇತ್ರದ ಮುಖ್ಯಸ್ಥನಾದ. ಬೇಸಿಗೆ ಬೀಳು ಪದ್ಧತಿ ಬಯಲಿನ ಉದ್ದಗಲಕ್ಕೂ ಹರಡಿತು.

ಹಾಗಾದರೆ ಉಳಿದ ಪ್ರಶ್ನೆ ಒಂದೇ. ಬೀಳು ಬಿಟ್ಟ ಅವಧಿಯಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಪಾಲನ್ನು ಮಣ್ಣಿನಲ್ಲಿ ಉಳಿಸಿಕೊಳ್ಳಬಹುದು? ಅದಕ್ಕೆ ಯಾವ ಉಳುಮೆ ಸರಿ?

ದೀಪದ ಬತ್ತಿಯ ಹೋಲಿಕೆ

ಉತ್ತರ ಕೊಡಲು ಮುಂದೆ ಬಂದವನು ಹಾರ್ಡಿ ವೆಬ್‌ಸ್ಟರ್ ಕ್ಯಾಂಪ್‌ಬೆಲ್. ಈತ 1879ರಲ್ಲಿ ಡಕೋಟಾ ಪ್ರದೇಶದಲ್ಲಿ ನೆಲೆಸಿದ ರೈತ, ವಿಜ್ಞಾನಿಯಲ್ಲ. ಆದರೆ ತನ್ನ ಕಾಲದ ಮಣ್ಣಿನ ಭೌತವಿಜ್ಞಾನದಲ್ಲಿ ಪ್ರಚಲಿತವಾಗಿದ್ದ ಲೋಮನಾಳ ಕ್ರಿಯೆಯ ವಿಚಾರವನ್ನು ಅವನು ಪೂರ್ತಿಯಾಗಿ ಒಪ್ಪಿದ್ದ.

ಆ ವಿಚಾರ ಸರಳವಾದದ್ದು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುತ್ತದೆ. ನೀರಿನ ತಟ್ಟೆಯಲ್ಲಿ ನಿಲ್ಲಿಸಿದ ಮಣ್ಣು ತುಂಬಿದ ಗಾಜಿನ ಕೊಳವೆಯಲ್ಲಿ ತೇವ ಮೇಲೇರುವುದನ್ನು ಕಣ್ಣಾರೆ ಕಾಣಬಹುದು. ಮಣ್ಣಿನ ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳೇ ಲೋಮನಾಳಗಳು. ಹೊಲದಲ್ಲಿಯೂ ಆಳದ ತೇವ ಹೀಗೆಯೇ ಮೇಲೇರಿ ಬಿಸಿಲಿಗೆ ಆವಿಯಾಗುತ್ತದೆ. ಮೇಲಿನ ಎರಡು ಮೂರು ಅಂಗುಲ ಮಣ್ಣನ್ನು ನುಣ್ಣಗೆ ಪುಡಿ ಮಾಡಿದರೆ ಲೋಮನಾಳಗಳು ಕಡಿದುಹೋಗುತ್ತವೆ, ನೀರು ಕೆಳಗೇ ಉಳಿಯುತ್ತದೆ. ಈ ಪುಡಿಯ ಪದರಕ್ಕೆ ಧೂಳು ಹೊದಿಕೆ ಎಂಬ ಹೆಸರು ಬಂತು. ಮಳೆ ಬಿದ್ದಾಗಲೆಲ್ಲ ಮಣ್ಣು ಮತ್ತೆ ಅಂಟಿಕೊಂಡು ಲೋಮನಾಳಗಳು ಕೂಡುವುದರಿಂದ, ಪ್ರತಿ ಮಳೆಯ ನಂತರವೂ ಹಲುಬೆ ಹೊಡೆಯಬೇಕು. ಇದರ ಜೊತೆಗೆ ಕೆಳಪದರವನ್ನು ಅದುಮಿ ಗಟ್ಟಿ ಮಾಡುವ ಯಂತ್ರವೊಂದನ್ನೂ ಕ್ಯಾಂಪ್‌ಬೆಲ್ ತಯಾರಿಸಿದ.

ರೈಲ್ವೆ ಕಂಪನಿಗಳಿಗೆ ಈ ಪದ್ಧತಿ ವರವಾಗಿ ಕಂಡಿತು. ಒಣ ಬಯಲಿನಲ್ಲಿ ರೈಲು ಹಾಕಿ, ಭೂಮಿಯನ್ನೂ ಮಾರಬೇಕಾಗಿದ್ದ ಅವು ಕ್ಯಾಂಪ್‌ಬೆಲ್‌ನ ಪ್ರಾತ್ಯಕ್ಷಿಕೆ ಹೊಲಗಳಿಗೆ ಹಣ ಕೊಟ್ಟವು. ಅವನ ಕೈಪಿಡಿಗಳು 1902ರಿಂದ ಪ್ರಕಟವಾದವು. 1907ರಲ್ಲಿ ಡೆನ್ವರ್ ನಗರದಲ್ಲಿ ಒಣಬೇಸಾಯದ ಮೊದಲ ಮಹಾಸಮ್ಮೇಳನ ನಡೆಯಿತು. 1909ರಲ್ಲಿ ಸರ್ಕಾರ ಒಣ ಪ್ರದೇಶದ ಹಿಡುವಳಿಯ ಮಿತಿಯನ್ನು 320 ಎಕರೆಗೆ ಏರಿಸಿತು. ಅರ್ಧ ಹೊಲ ಬೆಳೆಗೆ, ಅರ್ಧ ಹೊಲ ಬೀಳಿಗೆ ಎಂಬ ಲೆಕ್ಕಾಚಾರಕ್ಕೆ ಇದು ಹೊಂದುತ್ತಿತ್ತು.

ಎಡವಿದ್ದು ಎಲ್ಲಿ?

ಗಾಜಿನ ಕೊಳವೆಯ ಪ್ರಯೋಗ ಸುಳ್ಳಲ್ಲ. ಅದನ್ನು ಇಂದೂ ನಮ್ಮ ಶಾಲೆಗಳಲ್ಲಿ ಮಾಡಿ ತೋರಿಸುತ್ತೇವೆ. ಆದರೆ ಆ ಪ್ರಯೋಗದಲ್ಲಿ ಕೊಳವೆಯ ಬುಡ ನೀರಿನ ತಟ್ಟೆಯಲ್ಲಿ ಮುಳುಗಿರುತ್ತದೆ ಎಂಬುದನ್ನು ಮರೆಯಬಾರದು. ಒಣ ಬಯಲಿನಲ್ಲಿ ಅಂಥ ತಟ್ಟೆ ಇಲ್ಲ. ಅಂತರ್ಜಲ ಮಟ್ಟ ಹತ್ತಾರು ಮೀಟರ್ ಕೆಳಗಿರುತ್ತದೆ. ಮಳೆಯಿಂದ ತೋಯ್ದ ಮೇಲಿನ ಒಂದೆರಡು ಮೀಟರ್ ಮಣ್ಣು ಮಾತ್ರ ತೇವವಾಗಿದ್ದು, ಅದರ ಕೆಳಗೆ ಒಣ ಮಣ್ಣು ಇರುತ್ತದೆ.

ಇಂಥ ಮಣ್ಣಿನಲ್ಲಿ ನೀರು ಆವಿಯಾಗುವುದು ಮುಖ್ಯವಾಗಿ ಎರಡು ಹಂತಗಳಲ್ಲಿ. ಮಳೆ ಬಿದ್ದ ಮೊದಲ ಕೆಲವು ದಿನ ಮೇಲ್ಮೈ ಹಸಿಯಾಗಿರುತ್ತದೆ. ಆಗ ಬಿಸಿಲು, ಗಾಳಿಗಳ ಶಕ್ತಿ ಎಷ್ಟೋ ಅಷ್ಟು ನೀರು ಭರದಿಂದ ಆವಿಯಾಗುತ್ತದೆ. ಬಳಿಕ ಮೇಲ್ಪದರ ತಾನಾಗಿಯೇ ಒಣಗುತ್ತದೆ. ಮಣ್ಣು ಒಣಗಿದಂತೆ ಅದರಲ್ಲಿ ನೀರಿನ ಚಲನೆಯ ವೇಗ ಅಗಾಧವಾಗಿ ಕುಸಿಯುತ್ತದೆ. ಅಂದರೆ ಒಣಗಿದ ಮೇಲ್ಪದರವೇ ಮುಚ್ಚಳದಂತೆ ಕೆಲಸ ಮಾಡುತ್ತದೆ. ರೈತ ನೆಲ ಹದಕ್ಕೆ ಬಂದ ಮೇಲೆ ಹಲುಬೆ ತೆಗೆದುಕೊಂಡು ಹೋಗುವಷ್ಟರಲ್ಲಿ ಮೊದಲ ಹಂತದ ನಷ್ಟ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಲುಬೆಯಾದರೋ ಕೆಳಗಿನ ಹಸಿ ಮಣ್ಣನ್ನು ಮೇಲೆ ತಂದು ಬಿಸಿಲಿಗೆ ಒಡ್ಡುತ್ತದೆ.

1917ರಲ್ಲಿ ಕ್ಯಾನ್ಸಸ್‌ನ ಎಲ್. ಇ. ಕಾಲ್ ಮತ್ತು ಎಂ. ಸಿ. ಸೀವೆಲ್ ತಮ್ಮ ಹೊಲದ ಅಳತೆಗಳನ್ನು ಪ್ರಕಟಿಸಿದರು. ಕಳೆ ಇಲ್ಲದಂತೆ ನೋಡಿಕೊಂಡರೆ ಸಾಕು, ಧೂಳು ಹೊದಿಕೆ ಇರುವ ಹೊಲಕ್ಕೂ ಇಲ್ಲದ ಹೊಲಕ್ಕೂ ತೇವಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ಅದರ ತಾತ್ಪರ್ಯ. 1927ರಲ್ಲಿ ಕ್ಯಾಲಿಫೋರ್ನಿಯದ ಎಫ್. ಜೆ. ವೀಮಯರ್ ತೊಟ್ಟಿಗಳಲ್ಲಿ ಮಣ್ಣು ತುಂಬಿ ತೂಗಿ ನೋಡಿದಾಗಲೂ ಇದೇ ಉತ್ತರ ಬಂತು. ಕ್ಯಾಂಪ್‌ಬೆಲ್‌ನ ಹೊಲದಲ್ಲಿ ನೀರು ಉಳಿದಿದ್ದರೆ ಅದಕ್ಕೆ ಕಾರಣ ಕಡಿದುಹೋದ ಲೋಮನಾಳಗಳಲ್ಲ, ಸತ್ತುಹೋದ ಕಳೆಗಳು. ಟಲ್‌ನ ಕಥೆ ಎರಡು ಶತಮಾನಗಳ ನಂತರ ಮರುಕಳಿಸಿತ್ತು.

ಆದರೆ ಕ್ಯಾಂಪ್‌ಬೆಲ್ ಎಲ್ಲ ಕಡೆಯೂ ತಪ್ಪು ಎನ್ನುವಂತಿಲ್ಲ. ವಾಷಿಂಗ್ಟನ್ ರಾಜ್ಯದ ಒಣ ಪ್ರದೇಶದಲ್ಲಿ ಚಳಿಗಾಲದಲ್ಲಿ ಮಳೆ ಸುರಿದು, ಬೇಸಿಗೆ ಪೂರ್ತಿ ಒಣಗಿರುತ್ತದೆ. ಅಲ್ಲಿ ವಸಂತದಲ್ಲಿ ಒಮ್ಮೆ ಮಾಡಿದ ಸಡಿಲ ಮಣ್ಣಿನ ಹೊದಿಕೆ ಬಿತ್ತನೆಯವರೆಗೆ ಬೀಜದ ಆಳದ ತೇವವನ್ನು ಕಾಪಾಡುತ್ತದೆ ಎಂಬುದು ಇಂದಿನ ಪ್ರಯೋಗಗಳಲ್ಲಿಯೂ ಸಿದ್ಧವಾಗಿದೆ. ಮಹಾ ಬಯಲಿನಲ್ಲಿ ಮಳೆಯ ಬಹುಪಾಲು ಬರುವುದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಟ್ಟು ಬಿಟ್ಟು. ಅಲ್ಲಿ ಪ್ರತಿ ಮಳೆಗೂ ಹೊದಿಕೆ ಹಾಳು, ಪ್ರತಿ ಸಲವೂ ಮತ್ತೆ ಉಳುಮೆ. ಒಂದೇ ಬೀಳಿನಲ್ಲಿ ಏಳರಿಂದ ಹತ್ತು ಸಲ ಯಂತ್ರ ಹಾಯಿಸುವುದು ಸಾಮಾನ್ಯವಾಗಿತ್ತು.

ಧೂಳೆದ್ದ ದಶಕ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಒಂದು ಬುಷೆಲ್‌ಗೆ, ಅಂದರೆ ಸುಮಾರು 27 ಕೆ.ಜಿ.ಗೆ, 2 ಡಾಲರ್ ದಾಟಿತು. ಟ್ರ್ಯಾಕ್ಟರ್‌ಗಳು ಬಂದವು. ಬಟ್ಟಲಿನಾಕಾರದ ತಟ್ಟೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿದ ‘ಒನ್‌ವೇ’ ನೇಗಿಲು 1920ರ ದಶಕದಲ್ಲಿ ಕ್ಯಾನ್ಸಸ್‌ನಿಂದ ಹರಡಿತು. ಇದು ಅತ್ಯಂತ ವೇಗವಾಗಿ ಕೆಲಸ ಮಾಡುತ್ತಿತ್ತು. ಹಾಗೆಯೇ ಹುಲ್ಲು ಕಡ್ಡಿಗಳನ್ನು ಹೂತು ಮಣ್ಣನ್ನು ಪುಡಿ ಮಾಡುತ್ತಿತ್ತು. 1925ರಿಂದ 1930ರ ನಡುವೆ ದಕ್ಷಿಣ ಬಯಲಿನಲ್ಲಿಯೇ 50 ಲಕ್ಷಕ್ಕೂ ಹೆಚ್ಚು ಎಕರೆ ಹುಲ್ಲುಗಾವಲು ನೇಗಿಲಿಗೆ ಸಿಕ್ಕಿತು.

1931ರಲ್ಲಿ ಭರ್ಜರಿ ಬೆಳೆ ಬಂತು, ಬೆಲೆ ಬುಷೆಲ್‌ಗೆ 40 ಸೆಂಟಿನ ಆಸುಪಾಸಿಗೆ ಕುಸಿಯಿತು. ಆ ಬಳಿಕ ಬರ ಶುರುವಾಯಿತು. ಬಿತ್ತಿದ ಗೋಧಿ ಮೊಳೆಯಲಿಲ್ಲ, ಸಾಲದಲ್ಲಿ ಮುಳುಗಿದವರು ಉತ್ತ ನೆಲವನ್ನು ಬರಿದಾಗಿಯೇ ಬಿಟ್ಟು ಹೋದರು. ಮುಂದೆ ಡಬ್ಲ್ಯು. ಎಸ್. ಚೆಪಿಲ್ ಎಂಬ ವಿಜ್ಞಾನಿ ಗಾಳಿ ಸವಕಳಿಯನ್ನು ಅಳೆದು ತೋರಿಸಿದಂತೆ, ಸುಮಾರು 0.84 ಮಿ.ಮೀ.ಗಿಂತ ದೊಡ್ಡ ಹೆಂಟೆ ಚೂರುಗಳು ಗಾಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕಿಂತ ಚಿಕ್ಕವು ಪುಟಿಯುತ್ತ ಉರುಳುತ್ತವೆ, ತೀರ ಸಣ್ಣವು ಆಕಾಶಕ್ಕೇರುತ್ತವೆ. ಧೂಳು ಹೊದಿಕೆಯ ಉಳುಮೆ ನೆಲವನ್ನು ಸರಿಯಾಗಿ ಈ ಅಪಾಯದ ಗಾತ್ರಕ್ಕೆ ತಂದಿಟ್ಟಿತ್ತು.

1934ರ ಮೇ ತಿಂಗಳಲ್ಲಿ ಉತ್ತರ ಬಯಲಿನಿಂದ ಎದ್ದ ಧೂಳು ಎರಡೇ ದಿನಗಳಲ್ಲಿ ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳನ್ನು ಮುಸುಕಿ ಅಟ್ಲಾಂಟಿಕ್ ಸಾಗರದ ಹಡಗುಗಳ ಮೇಲೂ ಬಿತ್ತು. 1935ರ ಏಪ್ರಿಲ್ 14ರ ಭಾನುವಾರ ದಕ್ಷಿಣ ಬಯಲಿನಲ್ಲಿ ಹಗಲೇ ಕತ್ತಲಾಯಿತು. ಆ ದಿನ ಇತಿಹಾಸದಲ್ಲಿ ‘ಕಪ್ಪು ಭಾನುವಾರ’ ಎಂದೇ ಹೆಸರಾಗಿದೆ. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣೆಯ ಕಾಯಿದೆ ಬಂತು. ಹ್ಯೂ ಹ್ಯಾಮಂಡ್ ಬೆನೆಟ್ ಮಣ್ಣು ಸಂರಕ್ಷಣಾ ಸೇವೆಯ ಮುಖ್ಯಸ್ಥರಾದರು.

ಈ ದುರಂತಕ್ಕೆ ಉಳುಮೆಯೊಂದೇ ಕಾರಣವಲ್ಲ. ಬರ, ಬೆಲೆ ಕುಸಿತ, ಉಳಬಾರದಿದ್ದ ನೆಲವನ್ನು ಉತ್ತದ್ದು, ಎಲ್ಲವೂ ಸೇರಿದ್ದವು. ಆದರೆ ಮಳೆ ಬರಿಸುವುದು, ಬೆಲೆ ಏರಿಸುವುದು ರೈತನ ಕೈಯಲ್ಲಿರಲಿಲ್ಲ. ಉಳುವ ವಿಧಾನ ಬದಲಿಸುವುದು ಅವನ ಕೈಯಲ್ಲಿತ್ತು.

ಕೂಳೆಗೆ ಬಂದ ಬೆಲೆ

ಕೊಯ್ಲಿನ ನಂತರ ನೆಲದಲ್ಲಿ ನಿಲ್ಲುವ ಬುಡಕಡ್ಡಿಗೆ ಕೂಳೆ ಎನ್ನುತ್ತೇವೆ. ಒಳ್ಳೆಯ ರೈತನ ಹೊಲದಲ್ಲಿ ಕೂಳೆ ಕಾಣಬಾರದು, ಅದನ್ನು ಮಗುಚಿ ಹೂಳಬೇಕು ಎಂಬುದು ಅಲ್ಲಿಯವರೆಗಿನ ನಂಬಿಕೆ. 1933ರಲ್ಲಿ ಓಕ್ಲಹೋಮದ ಹೂಕರ್ ಎಂಬ ಊರಿನ ಫ್ರೆಡ್ ಹೋಮಿ ಮಣ್ಣನ್ನು ಮಗುಚದೆ ಸೀಳಿ ಹೆಂಟೆಗಳನ್ನು ಮೇಲೆಬ್ಬಿಸುವ ಉಳಿ ನೇಗಿಲನ್ನು ತಯಾರಿಸಿದ. ಕೆನಡಾದ ಆಲ್ಬರ್ಟಾದಲ್ಲಿ ಚಾರ್ಲ್ಸ್ ನೋಬಲ್ ಎಂಬ ದೊಡ್ಡ ಗೋಧಿ ರೈತ, ಕ್ಯಾಲಿಫೋರ್ನಿಯದಲ್ಲಿ ಗಡ್ಡೆ ಬೆಳೆಯನ್ನು ನೆಲದಡಿ ಕತ್ತರಿಸಿ ಸಡಿಲಿಸುವ ಅಲಗೊಂದನ್ನು ಕಂಡು, 1936ರಲ್ಲಿ ತನ್ನದೇ ಅಲಗು ರೂಪಿಸಿದ. ಇದು ನೆಲದ ಮೇಲ್ಮೈಯ ಕೆಳಗೆ ಅಡ್ಡಲಾಗಿ ಸಾಗಿ ಕಳೆಯ ಬೇರನ್ನು ಕತ್ತರಿಸುತ್ತದೆ, ಕೂಳೆ ಮೇಲೆ ನಿಂತಲ್ಲಿಯೇ ನಿಂತಿರುತ್ತದೆ.

ರೈತರ ಈ ಸಾಧನಗಳಿಗೆ ವಿಜ್ಞಾನದ ಆಧಾರ ಒದಗಿಸಿದವರು ನೆಬ್ರಾಸ್ಕದ ಲಿಂಕನ್‌ನಲ್ಲಿ 1930ರ ದಶಕದ ಕೊನೆಯಲ್ಲಿ ಕೆಲಸ ಮಾಡಿದ ಎಫ್. ಎಲ್. ಡ್ಯೂಲಿ ಮತ್ತು ಜೆ. ಸಿ. ರಸೆಲ್. ಬರಿದಾದ ಮಣ್ಣಿನ ಮೇಲೆ ಮಳೆಹನಿ ಬಿದ್ದಾಗ ಕಣಗಳು ಚದುರಿ, ರಂಧ್ರಗಳನ್ನು ಮುಚ್ಚಿ, ತೆಳುವಾದ ಬಿಗಿ ಪದರವಾಗುತ್ತದೆ ಎಂದು ಡ್ಯೂಲಿ ತೋರಿಸಿದರು. ನೀರು ಇಂಗುವ ವೇಗವನ್ನು ಮಣ್ಣಿನ ಜಾತಿಗಿಂತ ಹೆಚ್ಚಾಗಿ ಈ ಪದರವೇ ನಿರ್ಧರಿಸುತ್ತದೆ. ಹುಲ್ಲಿನ ಹೊದಿಕೆ ಇದ್ದರೆ ಹನಿಯ ಪೆಟ್ಟು ಹುಲ್ಲಿಗೆ ಬೀಳುತ್ತದೆ, ರಂಧ್ರಗಳು ತೆರೆದೇ ಇರುತ್ತವೆ.

ಇಲ್ಲಿಗೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಕ್ಯಾಂಪ್‌ಬೆಲ್ ಗಮನವೆಲ್ಲ ಇಂಗಿದ ನೀರು ಮೇಲೇರದಂತೆ ತಡೆಯುವುದರಲ್ಲಿತ್ತು. ಬೀಳುವ ನೀರು ಇಂಗುವುದೇ ಇಲ್ಲವಲ್ಲ ಎಂಬುದು ಹೊಸ ಕಾಳಜಿ. ಹೊದಿಕೆ ಹನಿಯ ಪೆಟ್ಟು ತಡೆಯುತ್ತದೆ, ಹರಿಯುವ ನೀರನ್ನು ನಿಧಾನಿಸುತ್ತದೆ, ಮಣ್ಣಿಗೆ ನೆರಳಾಗಿ ಮೊದಲ ಹಂತದ ಆವಿ ನಷ್ಟವನ್ನು ತಗ್ಗಿಸುತ್ತದೆ. ನಿಂತ ಕೂಳೆ ನೆಲಮಟ್ಟದಲ್ಲಿ ಗಾಳಿಯ ವೇಗ ಕುಗ್ಗಿಸುತ್ತದೆ, ಚಳಿಗಾಲದಲ್ಲಿ ಹಿಮವನ್ನು ಹಿಡಿದಿಡುತ್ತದೆ.

1943ರಲ್ಲಿ ಎಡ್ವರ್ಡ್ ಫಾಕ್ನರ್, ಮಣ್ಣು ಮಗುಚುವ ನೇಗಿಲೇ ಬೇಡವೆಂದು ವಾದಿಸುವ ಪುಸ್ತಕ ಬರೆದಾಗ ಭಾರಿ ಚರ್ಚೆಯಾಯಿತು. ಆದರೆ ನೇಗಿಲು ಬಿಟ್ಟರೆ ಕಳೆಗೇನು ದಾರಿ? ಉತ್ತರ ಸಿಕ್ಕಿದ್ದು ರಸಾಯನ ಕಾರ್ಖಾನೆಗಳಿಂದ. ಪ್ಯಾರಾಕ್ವಾಟ್ ಕಳೆನಾಶಕ 1962ರಲ್ಲಿ, ಗ್ಲೈಫೋಸೇಟ್ 1974ರಲ್ಲಿ ಮಾರುಕಟ್ಟೆಗೆ ಬಂದವು. ಉಳುಮೆಯಿಲ್ಲದೆ ಕೂಳೆಯ ನಡುವೆಯೇ ಬೀಜ ಬಿತ್ತುವುದು ಆಗ ಸಾಧ್ಯವಾಯಿತು.

ಅಕ್ರಾನ್ ಕೇಂದ್ರದ ಲೆಕ್ಕ

ಈ ಬದಲಾವಣೆಗಳ ಫಲವನ್ನು ಅಂಕಿಗಳಲ್ಲಿ ನೋಡಲು ಕೊಲರಾಡೊದ ಅಕ್ರಾನ್ ಸಂಶೋಧನಾ ಕೇಂದ್ರ ನೆರವಾಗುತ್ತದೆ. ಅಲ್ಲಿ ಗೋಧಿ ಕೊಯ್ಲಿನಿಂದ ಮುಂದಿನ ಬಿತ್ತನೆಯವರೆಗಿನ ಬೀಳು ಸುಮಾರು 14 ತಿಂಗಳು. ಆ ಅವಧಿಯ ಮಳೆಯಲ್ಲಿ ಮಣ್ಣಿನಲ್ಲಿ ಉಳಿದ ಪಾಲಿಗೆ ಸಂಗ್ರಹ ದಕ್ಷತೆ ಎನ್ನೋಣ. ಬಿ. ಡಬ್ಲ್ಯು. ಗ್ರೆಬ್ 1979ರಲ್ಲಿ ಒಟ್ಟುಗೂಡಿಸಿದ ಸರಾಸರಿಗಳು ಹೀಗಿವೆ (ಇಳುವರಿ ಹೆಕ್ಟೇರಿಗೆ):

1916–1930: ನೇಗಿಲು, ಹಲುಬೆ, ಧೂಳು ಹೊದಿಕೆ. ಸಂಗ್ರಹ 102 ಮಿ.ಮೀ., ದಕ್ಷತೆ ಶೇ. 19, ಇಳುವರಿ 1,070 ಕೆ.ಜಿ.

1931–1945: ತಟ್ಟೆ ನೇಗಿಲಿನ ಮೇಲುಳುಮೆ, ಸರಳಿನಿಂದ ಕಳೆ ಕೀಳುವುದು. ಸಂಗ್ರಹ 118 ಮಿ.ಮೀ., ದಕ್ಷತೆ ಶೇ. 24, ಇಳುವರಿ 1,160 ಕೆ.ಜಿ.

1946–1960: ಸುಧಾರಿತ ಉಳುಮೆ, 1957ರಿಂದ ಕೂಳೆ ಹೊದಿಕೆ. ಸಂಗ್ರಹ 137 ಮಿ.ಮೀ., ದಕ್ಷತೆ ಶೇ. 27, ಇಳುವರಿ 1,730 ಕೆ.ಜಿ.

1961–1975: ಕೂಳೆ ಹೊದಿಕೆ, 1969ರಿಂದ ಕಳೆನಾಶಕದೊಂದಿಗೆ ಕನಿಷ್ಠ ಉಳುಮೆ. ಸಂಗ್ರಹ 157 ಮಿ.ಮೀ., ದಕ್ಷತೆ ಶೇ. 33, ಇಳುವರಿ 2,160 ಕೆ.ಜಿ.

ಮೊದಲು ಗಮನಿಸಬೇಕಾದದ್ದು, ಧೂಳು ಹೊದಿಕೆಯ ಕಾಲದಲ್ಲಿ ಐದು ಪಾಲು ಮಳೆಯಲ್ಲಿ ನಾಲ್ಕು ಪಾಲು ನಷ್ಟವಾಗುತ್ತಿತ್ತು ಎಂಬುದು. ಎರಡನೆಯದಾಗಿ, ಮಳೆ ಹೆಚ್ಚಾದ್ದರಿಂದ ಸಂಗ್ರಹ ಹೆಚ್ಚಾಯಿತೇ ಎಂದು ಪರೀಕ್ಷಿಸಬೇಕು. 102 ಮಿ.ಮೀ. ಎಂಬುದು ಶೇ. 19 ಆದರೆ ಒಟ್ಟು ಮಳೆ ಸುಮಾರು 540 ಮಿ.ಮೀ. 157 ಮಿ.ಮೀ. ಎಂಬುದು ಶೇ. 33 ಆದರೆ ಒಟ್ಟು ಮಳೆ ಸುಮಾರು 475 ಮಿ.ಮೀ. ಅಂದರೆ ಕೊನೆಯ ಅವಧಿಯಲ್ಲಿ ಬಿದ್ದ ಮಳೆ ಕಡಿಮೆ, ಉಳಿದ ನೀರು ಹೆಚ್ಚು.

ಇಳುವರಿ ಇಮ್ಮಡಿಯಾದದ್ದಕ್ಕೆ ಉಳುಮೆಯೊಂದೇ ಕಾರಣವೇ? ಅಲ್ಲ. ಈ ಅವಧಿಯಲ್ಲಿ ತಳಿಗಳೂ ಬಿತ್ತುವ, ಕೊಯ್ಯುವ ಯಂತ್ರಗಳೂ ಸುಧಾರಿಸಿದ್ದವು. ಗ್ರೆಬ್ ಅಂದಾಜಿನಂತೆ ಹೆಚ್ಚಳದಲ್ಲಿ ನೀರಿನ ಸಂಗ್ರಹದ ಪಾಲು ಸುಮಾರು ಶೇ. 45, ತಳಿಗಳ ಪಾಲು ಸುಮಾರು ಶೇ. 30.

ಈ ಅಂದಾಜನ್ನು ವಿದ್ಯಾರ್ಥಿಗಳೇ ಒರೆಹಚ್ಚಬಹುದು. ಒಂದು ಹೆಕ್ಟೇರಿನಲ್ಲಿ 1 ಮಿ.ಮೀ. ನೀರು ಎಂದರೆ 10,000 ಲೀಟರ್. ಹೆಚ್ಚುವರಿಯಾಗಿ ಉಳಿದ 55 ಮಿ.ಮೀ. ನೀರು 5.5 ಲಕ್ಷ ಲೀಟರ್. ಇದೇ ಅಕ್ರಾನ್‌ನಲ್ಲಿ 1910ರ ದಶಕದಲ್ಲಿ ಎಲ್. ಜೆ. ಬ್ರಿಗ್ಸ್ ಮತ್ತು ಎಚ್. ಎಲ್. ಶಾಂಟ್ಸ್ ಗಿಡಗಳನ್ನು ಡಬ್ಬಗಳಲ್ಲಿ ಬೆಳೆಸಿ ತೂಗಿ, ಗೋಧಿ ಒಂದು ಕೆ.ಜಿ. ಒಣದ್ರವ್ಯ ತಯಾರಿಸಲು ಸುಮಾರು 500 ಲೀಟರ್ ನೀರನ್ನು ಬಾಷ್ಪವಿಸರ್ಜನೆ ಮಾಡುತ್ತದೆಂದು ಕಂಡಿದ್ದರು. ಆ ಪ್ರಕಾರ 5.5 ಲಕ್ಷ ಲೀಟರಿಗೆ ಸುಮಾರು 1,100 ಕೆ.ಜಿ. ಒಣದ್ರವ್ಯ. ಅದರಲ್ಲಿ ಶೇ. 40 ಕಾಳು ಎಂದಿಟ್ಟುಕೊಂಡರೆ 440 ಕೆ.ಜಿ. ಇತ್ತ ನಿಜವಾದ ಹೆಚ್ಚಳ 1,090 ಕೆ.ಜಿ., ಅದರ ಶೇ. 45 ಎಂದರೆ ಸುಮಾರು 490 ಕೆ.ಜಿ. ಬೇರೆ ಬೇರೆ ದಾರಿಯಿಂದ ಬಂದ ಎರಡು ಅಂದಾಜುಗಳು ಇಷ್ಟು ಹತ್ತಿರ ಇರುವುದು ಸಮಾಧಾನದ ಸಂಗತಿ.

ಹೊದಿಕೆಯ ಪ್ರಮಾಣವನ್ನಷ್ಟೇ ಬದಲಿಸಿ ಮಾಡಿದ ಪ್ರಯೋಗವೂ ಇದೆ. ಟೆಕ್ಸಾಸ್‌ನ ಬುಷ್‌ಲ್ಯಾಂಡ್ ಕೇಂದ್ರದಲ್ಲಿ ಪಿ. ಡಬ್ಲ್ಯು. ಅಂಗರ್ ಗೋಧಿ ಹುಲ್ಲನ್ನು ಬೀಳು ನೆಲದ ಮೇಲೆ ಹರಡಿ, ಮುಂದಿನ ಬೆಳೆಯಾಗಿ ಜೋಳ ಬಿತ್ತಿದರು. 1978ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಲ್ಲಿಲ್ಲದ ನೆಲದಲ್ಲಿ 72 ಮಿ.ಮೀ. ನೀರು ಉಳಿದು 1,780 ಕೆ.ಜಿ. ಜೋಳ ಬಂತು. ಹೆಕ್ಟೇರಿಗೆ 4 ಟನ್ ಹುಲ್ಲು ಹರಡಿದಲ್ಲಿ 116 ಮಿ.ಮೀ. ನೀರು, 2,980 ಕೆ.ಜಿ. ಜೋಳ. 12 ಟನ್ ಹರಡಿದಲ್ಲಿ 147 ಮಿ.ಮೀ. ನೀರು, 3,990 ಕೆ.ಜಿ. ಜೋಳ. ಆದರೆ ಒಣ ಬೇಸಾಯದ ಗೋಧಿ ಹೆಕ್ಟೇರಿಗೆ 12 ಟನ್ ಹುಲ್ಲು ಕೊಡುವುದಿಲ್ಲ. ಬರದ ವರ್ಷ ಹುಲ್ಲೂ ಕಡಿಮೆ, ಆದ್ದರಿಂದ ಮರುವರ್ಷದ ಹೊದಿಕೆಯೂ ತೆಳು. ಪದ್ಧತಿಯ ಮಿತಿಯೂ ಇಲ್ಲಿಯೇ ಇದೆ.

ಬಿಜಾಪುರದ ಎರೆಭೂಮಿ

ಈ ಕಥೆಗೂ ನಮ್ಮ ನಾಡಿಗೂ ಸಂಬಂಧವಿದೆ. ಭಾರತದಲ್ಲಿ ಒಣಬೇಸಾಯದ ವ್ಯವಸ್ಥಿತ ಸಂಶೋಧನೆ 1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ಆರಂಭವಾಯಿತು. ಅದರಲ್ಲಿ ಎನ್. ವಿ. ಕಾನಿಟ್ಕರ್ ಅವರ ಪಾತ್ರ ದೊಡ್ಡದು. 1930ರ ದಶಕದ ಮಧ್ಯಭಾಗದಲ್ಲಿ, ಅಮೆರಿಕದಲ್ಲಿ ಧೂಳೇಳುತ್ತಿದ್ದ ವರ್ಷಗಳಲ್ಲಿಯೇ, ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್‌ಗಳಲ್ಲಿ ಐದು ಕೇಂದ್ರಗಳು ಕೆಲಸ ನಡೆಸಿದವು. ಇವುಗಳಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ.

ಬಿಜಾಪುರ (ಇಂದಿನ ವಿಜಯಪುರ) ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಗೋಧಿ, ಕಡಲೆಗಳು ಮಳೆಗಾಲದ ನಂತರ ಬಿತ್ತನೆಯಾಗಿ, ಬಹುಮಟ್ಟಿಗೆ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುತ್ತವೆ. ಮುಂಗಾರಿನಲ್ಲಿ ನೆಲವನ್ನು ಬೀಳು ಬಿಟ್ಟು ಕುಂಟೆಯಿಂದ ಹರಗುವುದು ಇಲ್ಲಿನ ವಾಡಿಕೆ. ಮಣ್ಣನ್ನು ಮಗುಚದೆ, ನೆಲದಡಿ ಅಲಗು ಹಾಯಿಸಿ ಕಳೆಯ ಬೇರು ಕತ್ತರಿಸುವ ನಮ್ಮ ಕುಂಟೆಯ ತತ್ವವೂ ನೋಬಲ್ ಅಲಗಿನ ತತ್ವವೂ ಒಂದೇ.

ಇನ್ನೊಂದು ಸಂಗತಿಯೂ ಇದೆ. ಎರೆಮಣ್ಣು ಒಣಗಿದಾಗ ಆಳವಾದ ಬಿರುಕು ಬಿಡುತ್ತದೆ, ಬಿರುಕಿನ ಗೋಡೆಗಳಿಂದ ಆಳದ ತೇವವೂ ಆವಿಯಾಗುತ್ತದೆ. ಎಡೆಕುಂಟೆ ಹೊಡೆದು ಸಡಿಲ ಮಣ್ಣಿನಿಂದ ಬಿರುಕು ಮುಚ್ಚಿದರೆ ಅಷ್ಟರಮಟ್ಟಿಗೆ ನೀರು ಉಳಿಯುತ್ತದೆ. ಕ್ಯಾಂಪ್‌ಬೆಲ್‌ನ ಮಣ್ಣಿನ ಹೊದಿಕೆ ಇಲ್ಲಿ ಬೇರೆಯೇ ಕಾರಣಕ್ಕೆ ಉಪಯುಕ್ತ. ಹೊಲವನ್ನು ಚಿಕ್ಕ ಚಿಕ್ಕ ಬದುಗಳಿಂದ ವಿಂಗಡಿಸಿ ಮಳೆನೀರು ನಿಲ್ಲಿಸುವ ಚೌಕುಮಡಿ ಪದ್ಧತಿಯೂ ನೀರು ಮೊದಲು ಇಂಗಲಿ ಎಂಬ ತತ್ವವನ್ನೇ ಅನುಸರಿಸುತ್ತದೆ.

ಆದರೆ ಕೂಳೆ ಹೊದಿಕೆ ಮಾತ್ರ ಇಲ್ಲಿ ಸುಲಭವಲ್ಲ. ಜೋಳದ ಕಣಿಕೆಯೂ ಗೋಧಿಯ ಹೊಟ್ಟೂ ದನಗಳ ಮೇವು. ಬರದ ವರ್ಷ ಕಾಳಿಗಿಂತ ಮೇವಿನ ಚಿಂತೆಯೇ ದೊಡ್ಡದಾಗುವುದುಂಟು. ಹೊಲಕ್ಕೆ ಹೊದಿಸಬೇಕೋ ದನಕ್ಕೆ ಹಾಕಬೇಕೋ ಎಂಬುದು ಅಮೆರಿಕದ ಗೋಧಿ ರೈತನಿಗೆ ಇಷ್ಟು ತೀವ್ರವಾಗಿ ಎದುರಾಗದ ಪ್ರಶ್ನೆ.

ಹೊಲವೇ ಪ್ರಯೋಗಾಲಯ

ಉಳುಮೆ ಬಿಟ್ಟರೆ ಎಲ್ಲೆಡೆ ಇಳುವರಿ ಹೆಚ್ಚುತ್ತದೆಯೇ? 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 63 ದೇಶಗಳ 610 ಅಧ್ಯಯನಗಳ ಸಮಗ್ರ ವಿಶ್ಲೇಷಣೆ ಪ್ರಕಟವಾಯಿತು. ಒಟ್ಟಾರೆ ಸರಾಸರಿಯಲ್ಲಿ ಉಳುಮೆರಹಿತ ಬೇಸಾಯದ ಇಳುವರಿ ಕಡಿಮೆಯೇ ಇತ್ತು. ಆದರೆ ಒಣ ಹವೆಯ ಮಳೆಯಾಶ್ರಿತ ಪ್ರದೇಶಗಳಲ್ಲಿ, ಹುಲ್ಲಿನ ಹೊದಿಕೆ ಮತ್ತು ಬೆಳೆ ಪರಿವರ್ತನೆ ಎರಡೂ ಜೊತೆಗಿದ್ದಾಗ, ಇಳುವರಿ ಸುಮಾರು ಶೇ. 7ರಷ್ಟು ಹೆಚ್ಚಿತ್ತು. ಬರದಲ್ಲಿ ಬೆಳೆ ಉಳಿಸುವುದು ನೇಗಿಲು ಬಿಟ್ಟದ್ದಷ್ಟೇ ಅಲ್ಲ, ಅದರೊಡನೆ ನೆಲದ ಮೇಲೆ ಉಳಿದ ಹೊದಿಕೆ. ಕಳೆನಾಶಕಗಳನ್ನು ಸಹಿಸಿಕೊಳ್ಳುವ ಕಳೆಗಳು ಹುಟ್ಟಿಕೊಂಡಿರುವುದು ಈ ಪದ್ಧತಿಯ ಮುಂದಿರುವ ಹೊಸ ಸವಾಲು.

ಶಾಲೆಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಒಂದೇ ಅಳತೆಯ ಮೂರು ಕುಂಡಗಳಿಗೆ ಒಂದೇ ಮಣ್ಣನ್ನು ಸಮತೂಕದಲ್ಲಿ ತುಂಬಿ, ಸಮನಾಗಿ ನೀರು ಹಾಕಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದರ ಮೇಲ್ಮಣ್ಣನ್ನು ಮರುದಿನ ಕೆದಕಿ ಪುಡಿ ಮಾಡಿ. ಮೂರನೆಯದಕ್ಕೆ ಒಣಹುಲ್ಲು ಹೊದಿಸಿ. ಹತ್ತು ದಿನ, ದಿನವೂ ತೂಕ ಬರೆದಿಡಿ. ಮೊದಲ ದಿನಗಳಲ್ಲಿ ಹುಲ್ಲಿನ ಕುಂಡದ ನಷ್ಟ ಕಡಿಮೆ ಇದ್ದು, ದಿನ ಕಳೆದಂತೆ ಅಂತರ ಕುಗ್ಗಬಹುದು. ನಡುವೆ ಒಮ್ಮೆ ಎಲ್ಲಕ್ಕೂ ನೀರು ಚಿಮುಕಿಸಿ ಪುನಃ ತೂಗಿದರೆ, ಬಿಟ್ಟು ಬಿಟ್ಟು ಮಳೆ ಬರುವಲ್ಲಿ ಹೊದಿಕೆ ಏಕೆ ಹೆಚ್ಚು ಉಪಯುಕ್ತ ಎಂಬುದು ತಿಳಿಯುತ್ತದೆ.

ಅದರ ಜೊತೆಗೆ ಮಕ್ಕಳಿಗೆ ಒಂದು ಪ್ರಶ್ನೆಯನ್ನೂ ಕೇಳಿ: ಈ ಕುಂಡದಲ್ಲಿ ಇಲ್ಲದಿರುವ, ನಿಮ್ಮ ಹೊಲದಲ್ಲಿ ಇರುವ ಸಂಗತಿಗಳು ಯಾವುವು? ಗಾಳಿ, ಇಳಿಜಾರು, ಬಿರುಕು, ಕಳೆ, ಮನೆಯ ದನಗಳು ಎಂದು ಅವರು ಪಟ್ಟಿ ಮಾಡಿಯಾರು. ಗಾಜಿನ ಕೊಳವೆಯ ಪ್ರಯೋಗ ನೋಡಿದಾಗ ಈ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿದ್ದರೆ, ಒಣ ಬಯಲಿನ ರೈತರ ಎಷ್ಟೋ ಹೊಲಗಳ ಮೇಲ್ಮಣ್ಣು ಉಳಿಯುತ್ತಿತ್ತು.